ಕೈಯ ಅರಿವು, ಕಾಂತದ ಕಣ್ಣು

ವೇದಾವತಿಯು ಎರಡು ಗುಡ್ಡಗಳ ನಡುವೆ ಇಕ್ಕಟ್ಟಾಗಿ ಹರಿಯುವ ಮಾರಿಕಣಿವೆಯಲ್ಲಿ, 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರದ ಕಟ್ಟೆಯ ಬಳಿ, ಬಿಸಿಲಿಳಿದು ನೀರಿನ ಮೇಲಣ ಗಾಳಿ ತಣ್ಣಗೆ ಬೀಸತೊಡಗಿದ ಹೊತ್ತಿನಲ್ಲಿ, ಇಬ್ಬರು ಕುಳಿತು ಮಾತನಾಡುತ್ತಿದ್ದರು. ಒಬ್ಬರು ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ತಾಲ್ಲೂಕುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಮೂರು ದಶಕಗಳಿಗೂ ಮಿಗಿಲಾಗಿ ದುಡಿದು ನಿವೃತ್ತರಾದ ವೈದ್ಯರು. ಇನ್ನೊಬ್ಬಳು ಅವರ ತಮ್ಮನ ಮಗಳು, ಚಿತ್ರದುರ್ಗದಲ್ಲಿ ಬೆಳೆದು, ಬೆಂಗಳೂರಿನಲ್ಲಿ ರೇಡಿಯಾಲಜಿಯನ್ನು ವ್ಯಾಸಂಗಮಾಡಿ, ಎಂ.ಆರ್.ಐ. ಚಿತ್ರಗಳನ್ನು ಓದಿ ವರದಿ ಬರೆಯುವುದನ್ನೇ ವೃತ್ತಿಯಾಗಿ ಸ್ವೀಕರಿಸಿದವಳು. ಅವರೊಡನೆ ಹೋಗಿದ್ದ ನಾನು ಬಹುಮಟ್ಟಿಗೆ ಕೇಳುಗನಾಗಿಯೇ ಇದ್ದೆ.

ಆ ವಾರ ಇಬ್ಬರು ಹೆಣ್ಣುಮಕ್ಕಳ ಸಂಗತಿ ಅವರ ಮನೆಗೆ ಬಂದಿದ್ದಿತು. ಹೊಳಲ್ಕೆರೆಯ ಅಡಕೆ ತೋಟದ ಮನೆಯೊಂದರ 36 ವರ್ಷದ ಗೃಹಿಣಿ, ತಾಯಿಯನ್ನೂ ತಾಯಿಯ ತಂಗಿಯನ್ನೂ ಸ್ತನದ ಕ್ಯಾನ್ಸರಿನಿಂದ ಕಳೆದುಕೊಂಡವಳು, ತನಗೆ ಯಾವ ಗಂಟೂ ಕಾಣದಿದ್ದರೂ ವೈದ್ಯರು ಬರೆದುಕೊಟ್ಟಿದ್ದ "ಎರಡೂ ಸ್ತನಗಳ ಎಂ.ಆರ್.ಐ., ಕಾಂಟ್ರಾಸ್ಟ್ ಸಹಿತ" ಎಂಬ ಚೀಟಿಯನ್ನು ಕಳುಹಿಸಿ, ಮಾಡಿಸಬೇಕೆ ಬೇಡವೆ ಎಂದು ಕೇಳಿದ್ದಳು. ಹೊಸದುರ್ಗದ ಕಡೆಯ 52 ವರ್ಷದ ಕೂಲಿಯ ಹೆಂಗಸೊಬ್ಬಳು, ಎಂಟು ತಿಂಗಳಿಂದ ಸೆರಗಿನ ಮರೆಯಲ್ಲಿ ಮುಚ್ಚಿಟ್ಟುಕೊಂಡಿದ್ದ ಗಂಟನ್ನು ಹಿಂದಿನ ದಿನವಷ್ಟೇ ಹಿರಿಯರಿಗೆ ತೋರಿಸಿ ಹೋಗಿದ್ದಳು. ಅಂದಿನ ಮಾತೆಲ್ಲ ಈ ಇಬ್ಬರ ಸುತ್ತಲೇ ಸುಳಿಯಿತು.

ಹಿರಿಯರು: ಆ ಚೀಟಿಯನ್ನು ನಿನ್ನೆಯಿಂದ ನಾಲ್ಕು ಸಲ ಓದಿದೆ, ತಾಯಿ. ಓದಿದಷ್ಟೂ ನನ್ನ ಮನಸ್ಸು ಒಪ್ಪದು. ಅವಳಿಗೆ ಗಂಟಿಲ್ಲ, ತೊಟ್ಟಿನಲ್ಲಿ ಸ್ರಾವವಿಲ್ಲ, ಕಂಕುಳಲ್ಲಿ ಬಾವಿಲ್ಲ. ಹೀಗೆ ಸ್ವಸ್ಥಳಾಗಿ ಓಡಾಡಿಕೊಂಡಿರುವ ಹೆಣ್ಣುಮಗಳನ್ನು ಇನ್ನೂರು ಕಿಲೋಮೀಟರು ದೂರದ ಬೆಂಗಳೂರಿಗೆ ಕರೆದೊಯ್ದು, ಭಾರಿ ಅಯಸ್ಕಾಂತದ ಕೊಳವೆಯೊಳಗೆ ಮಲಗಿಸಿ, ಇಲ್ಲದ ಭಯವೊಂದನ್ನು ಅವಳ ಮನಸ್ಸಿನಲ್ಲಿ ಬಿತ್ತುವುದು ವೈದ್ಯಧರ್ಮವೆ?

ತರುಣಿ: ಭಯವನ್ನು ನಾವು ಬಿತ್ತಬೇಕಾಗಿಲ್ಲ, ದೊಡ್ಡಪ್ಪ, ಅವಳ ತಾಯಿ 44ನೆಯ ವಯಸ್ಸಿನಲ್ಲಿ ತೀರಿಕೊಂಡ ದಿನವೇ ಅದು ಆ ಮನೆಯೊಳಗೆ ಬಂದು ಕುಳಿತಿದೆ. ತಾಯಿಗೆ ಬಂದದ್ದು, ತಾಯಿಯ ತಂಗಿಗೆ ಬಂದದ್ದು, ಅದೂ ಇಬ್ಬರಿಗೂ ಐವತ್ತು ತುಂಬುವ ಮೊದಲೇ ಬಂದದ್ದು ಕೇವಲ ಕಾಕತಾಳೀಯವೆಂದು ಸುಮ್ಮನಿರುವಂತಿಲ್ಲ. ಬಿ.ಆರ್.ಸಿ.ಎ. 1 ಎಂಬ ವಂಶವಾಹಿಯನ್ನು 1994ರಲ್ಲಿ, ಬಿ.ಆರ್.ಸಿ.ಎ. 2 ಎಂಬುದನ್ನು 1995ರಲ್ಲಿ ವಿಜ್ಞಾನಿಗಳು ಬೇರ್ಪಡಿಸಿ ತೋರಿಸಿದರು. ಇವುಗಳಲ್ಲಿ ದೋಷವನ್ನು ಹೊತ್ತು ಹುಟ್ಟಿದ ಹೆಣ್ಣಿಗೆ ಜೀವಮಾನದಲ್ಲಿ ಸ್ತನದ ಕ್ಯಾನ್ಸರ್ ಬರುವ ಸಂಭವ ಅರ್ಧಕ್ಕಿಂತ ಹೆಚ್ಚು. ಈ ಸಂಭವ ನೂರಕ್ಕೆ 20ರಿಂದ 25ನ್ನು ಮುಟ್ಟುವ ಸ್ತ್ರೀಯರಿಗೆ ವರ್ಷಕ್ಕೊಮ್ಮೆ ಸ್ತನದ ಕ್ಷಕಿರಣ ಚಿತ್ರವಾದ ಮ್ಯಾಮೊಗ್ರಾಮಿನ ಜೊತೆಗೆ ಎಂ.ಆರ್.ಐ.ಯನ್ನೂ ಮಾಡಿಸಬೇಕೆಂದು ಅಮೆರಿಕನ್ ಕ್ಯಾನ್ಸರ್ ಸೊಸೈಟಿ 2007ರಲ್ಲಿಯೇ ಹೇಳಿತು. ಆ ಚೀಟಿ ಬರೆದ ವೈದ್ಯರು ಕಂಡಕಂಡವರಿಗೆಲ್ಲ ಬರೆಯುವುದನ್ನು ಇವಳಿಗೂ ಬರೆದುಕೊಟ್ಟರೆಂದು ನನಗೆ ತೋರುವುದಿಲ್ಲ.

ಹಿರಿಯರು: ಇರಬಹುದು. ಆದರೆ ನಮ್ಮ ಕಾಲದಲ್ಲಿ ಕೈಯೇ ನಮಗೆ ಮೊದಲ ಯಂತ್ರವಾಗಿತ್ತು. ನಡುವಣ ಮೂರು ಬೆರಳುಗಳ ಮೆತ್ತನೆಯ ಭಾಗವನ್ನು ಚಪ್ಪಟೆಯಾಗಿಟ್ಟು, ಕಂಕುಳಿನಿಂದ ಮೊದಲುಮಾಡಿ, ಮೊದಲು ಹಗುರವಾಗಿ, ಆಮೇಲೆ ಸ್ವಲ್ಪ ಒತ್ತಿ, ಕೊನೆಗೆ ಎದೆಗೂಡಿನ ಮೂಳೆ ತಾಗುವಂತೆ ಒತ್ತಿ ನೋಡುವ ವಿದ್ಯೆಯನ್ನು ನನಗೆ ಕಲಿಸಿದ ಗುರುಗಳು, ಅವಸರಪಟ್ಟ ಕೈ ಕುರುಡು ಎನ್ನುತ್ತಿದ್ದರು. ಆ ಕೈಗೆ ವಿದ್ಯುತ್ತು ಬೇಡ, ಟಿಕೆಟ್ಟು ಬೇಡ; ಹೊಸದುರ್ಗದ ಕೊನೆಯ ಹಟ್ಟಿಗೂ ಅದು ನಡೆದುಹೋಗಬಲ್ಲುದು.

ತರುಣಿ: ಆ ಕೈಯ ಬಗೆಗೆ ನನಗೆ ಗೌರವವುಂಟು. ಆದರೆ ಹಳ್ಳಿಯ ಲೆಕ್ಕದಲ್ಲಿಯೇ ಹೇಳುವುದಾದರೆ, ಕೈಗೆ ನಿಶ್ಚಯವಾಗಿ ಸಿಕ್ಕುವ ಹೊತ್ತಿಗೆ ಗಂಟು ಬಹಳ ಸಲ ಅಡಕೆಯಷ್ಟಾಗಿರುತ್ತದೆ. ನಮ್ಮ ಚಿತ್ರದಲ್ಲಿ ಅದು ಮೆಣಸಿನ ಕಾಳಿನಷ್ಟಿರುವಾಗಲೇ ಬೆಳಗಿ ತೋರುತ್ತದೆ. ಮೆಣಸಿನ ಕಾಳು ಅಡಕೆಯಾಗುವ ಅವಧಿಯಲ್ಲಿ ರೋಗವು ಕಂಕುಳಿನ ಗ್ರಂಥಿಗಳನ್ನು ಸೇರಬಹುದು. ಆ ಅವಧಿಯನ್ನು ಅವಳಿಗೆ ಉಳಿಸಿಕೊಡಬೇಕೆಂಬುದೇ ನನ್ನ ವಾದ.

ಹಿರಿಯರು: ಅದಕ್ಕೆ ಮ್ಯಾಮೊಗ್ರಾಮ್ ಇದೆಯಲ್ಲ? ಹಣವೂ ಕಡಮೆ, ಕಾಲವೂ ಕಡಮೆ, ಅನುಭವವೂ ಹೆಚ್ಚು.

ತರುಣಿ: ಐವತ್ತು ಅರುವತ್ತು ದಾಟಿದವರಿಗೆ ಅದು ಒಳ್ಳೆಯ ಕನ್ನಡಿ, ಸುಣ್ಣದ ಕಣದಂತಹ ಬಿಳಿಯ ಚುಕ್ಕೆಗಳನ್ನು ಅದರಷ್ಟು ಚೆನ್ನಾಗಿ ಎಂ.ಆರ್.ಐ. ಕೂಡ ತೋರಿಸದು. ಆದರೆ ವಯಸ್ಸು ಚಿಕ್ಕದಾದಷ್ಟೂ ಸ್ತನದಲ್ಲಿ ಕೊಬ್ಬು ಕಡಮೆಯಾಗಿ ಗ್ರಂಥಿಯ ಅಂಗಾಂಶ ಒತ್ತಾಗಿರುತ್ತದೆ. ಕ್ಷಕಿರಣದ ಚಿತ್ರದಲ್ಲಿ ಆ ಅಂಗಾಂಶವೂ ಬಿಳಿ, ಗಡ್ಡೆಯೂ ಬಿಳಿ. ಹಿಂಜಿದ ಹತ್ತಿಯ ರಾಶಿಯಲ್ಲಿ ಬಿಳಿಯ ನೂಲಿನ ಗಂಟನ್ನು ಹುಡುಕಿದಂತೆ ನಮ್ಮ ಪಾಡು. ಭಾರತದ ಸ್ತ್ರೀಯರಿಗೆ ಈ ರೋಗವು ಪಾಶ್ಚಾತ್ಯ ದೇಶದವರಿಗಿಂತ ಸುಮಾರು ಹತ್ತು ವರ್ಷ ಮುಂಚಿತವಾಗಿಯೇ ಬರುವುದೆಂಬುದನ್ನು ನೀವೂ ಬಲ್ಲಿರಿ. ಅಂದಮೇಲೆ ಹತ್ತಿಯ ರಾಶಿಯ ಕಷ್ಟ ನಮ್ಮವರಿಗೇ ಹೆಚ್ಚು.

ಹಿರಿಯರು: ಆ ಅಯಸ್ಕಾಂತಕ್ಕೆ ಮಾತ್ರ ಬಿಳಿಯಲ್ಲಿ ಬಿಳಿ ಹೇಗೆ ಕಾಣುತ್ತದೆ? ನಾನು ಓದುವಾಗ ಈ ವಿದ್ಯೆಯಿರಲಿಲ್ಲ. ನಮ್ಮದು ಕಬ್ಬಿಣದ ಅದಿರಿನ ಜಿಲ್ಲೆ. ಭೀಮಸಮುದ್ರದ ಕಡೆಯ ಕೆಂಪು ಮಣ್ಣಿನಲ್ಲಿ ಹುಡುಗರು ಸೂಜಿಗಲ್ಲನ್ನು ಎಳೆದಾಡಿ, ಅಂಟಿದ ಕರಿಯ ಪುಡಿಯನ್ನು ಕಾಗದದ ಮೇಲೆ ಕುಣಿಸುತ್ತಿದ್ದುದನ್ನು ಕಂಡಿದ್ದೇನೆ. ಮೈಯಲ್ಲಿ ಅದಿರಿಲ್ಲವಲ್ಲ?

ತರುಣಿ: ಅದಿರಿಲ್ಲ, ನೀರಿದೆ. ನೀರಿನ ಒಂದೊಂದು ಅಣುವಿನಲ್ಲಿಯೂ ಎರಡೆರಡು ಜಲಜನಕದ ಪರಮಾಣುಗಳು. ಅವುಗಳ ಬೀಜಗಳು ತಾವೇ ಅತಿ ಸೂಕ್ಷ್ಮವಾದ ಸೂಜಿಗಲ್ಲುಗಳು. ಭೂಮಿಯ ಕಾಂತಕ್ಷೇತ್ರಕ್ಕಿಂತ ಮೂವತ್ತು ಸಾವಿರ ಪಟ್ಟಿಗೂ ಮಿಗಿಲಾದ, 1.5 ಟೆಸ್ಲಾ ಎನ್ನುವ ಬಲದ ಕ್ಷೇತ್ರದಲ್ಲಿ ಮನುಷ್ಯನನ್ನು ಮಲಗಿಸಿದರೆ, ಆ ಬೀಜಗಳಲ್ಲಿ ಒಂದು ಸಣ್ಣ ಪಾಲು ಕ್ಷೇತ್ರದ ದಿಕ್ಕಿಗೆ ಹೆಚ್ಚಾಗಿ ವಾಲಿ ನಿಲ್ಲುತ್ತದೆ. ರೇಡಿಯೋ ತರಂಗವೊಂದನ್ನು ತಕ್ಕ ಶ್ರುತಿಯಲ್ಲಿ ಕಳುಹಿಸಿದರೆ ಆ ಪಾಲು ಓಲಾಡಿ, ತರಂಗ ನಿಂತೊಡನೆ ಮರಳಿ ನೆಲೆಗೆ ಬರುವಾಗ ತನ್ನದೇ ಒಂದು ಕ್ಷೀಣಧ್ವನಿಯನ್ನು ಹಿಂದಿರುಗಿಸುತ್ತದೆ. ಕೊಬ್ಬಿನಲ್ಲಿರುವ ಬೀಜಗಳು ಮರಳುವ ವೇಗ ಒಂದು, ಗ್ರಂಥಿಯಲ್ಲಿರುವವುಗಳದು ಇನ್ನೊಂದು, ರೋಗ ತಗಲಿದ ಕಡೆಯವುಗಳದು ಮತ್ತೊಂದು. ಆ ಪ್ರತಿಧ್ವನಿಗಳಿಂದಲೇ ನಾವು ಚಿತ್ರವನ್ನು ನೇಯುವುದು. ಇದರಲ್ಲಿ ಕ್ಷಕಿರಣದ ಪ್ರಸಕ್ತಿಯೇ ಇಲ್ಲ.

ಹಿರಿಯರು: ಕಾಂಟ್ರಾಸ್ಟ್ ಎಂದು ಚೀಟಿಯಲ್ಲಿರುವುದು?

ತರುಣಿ: ಗ್ಯಾಡೊಲಿನಿಯಂ ಎಂಬ ಧಾತುವಿನ ದ್ರಾವಣ, ಅದನ್ನು ಕೈಯ ರಕ್ತನಾಳಕ್ಕೆ ಕೊಡುತ್ತೇವೆ. ಕ್ಯಾನ್ಸರ್ ಬೆಳೆಯುವಾಗ ತನ್ನ ಆಹಾರಕ್ಕಾಗಿ ಹೊಸ ರಕ್ತನಾಳಗಳನ್ನು ಅವಸರದಲ್ಲಿ ಕಟ್ಟಿಕೊಳ್ಳುತ್ತದೆ. ಅವಸರದ ಕಟ್ಟಡವಾದ್ದರಿಂದ ಅವುಗಳ ಗೋಡೆ ಸೋರುತ್ತದೆ. ದ್ರಾವಣವು ಅಲ್ಲಿಗೆ ಬೇಗನೆ ನುಗ್ಗಿ, ಒಂದೆರಡು ನಿಮಿಷದಲ್ಲಿಯೇ ಆ ಜಾಗವನ್ನು ಬೆಳಗಿಸಿ, ಅಷ್ಟೇ ಬೇಗನೆ ಹೊರಟುಹೋಗುವುದುಂಟು. ನಿರುಪದ್ರವಿ ಗಂಟಿನಲ್ಲಿ ಸಾಮಾನ್ಯವಾಗಿ ಬೆಳಕು ನಿಧಾನವಾಗಿ ಏರುತ್ತದೆ. ಆಕಾರವನ್ನೂ ಈ ಏರಿಳಿತವನ್ನೂ ಕೂಡಿಸಿ ಓದುವುದೇ ನನ್ನ ದಿನನಿತ್ಯದ ಕೆಲಸ. ಈ ವಿದ್ಯೆಯೇನೂ ನಮ್ಮ ನೆಲಕ್ಕೆ ಹೊರಗಿನದಲ್ಲ, ದೊಡ್ಡಪ್ಪ. ಬೀಜಗಳ ಈ ಅನುರಣನವನ್ನು ಬ್ಲಾಕ್ ಮತ್ತು ಪರ್ಸೆಲ್ ಅವರ ತಂಡಗಳು ಬೇರೆಬೇರೆಯಾಗಿ 1946ರಲ್ಲಿ ಪ್ರಕಟಿಸಿದವು. ಐದೇ ವರ್ಷಗಳಲ್ಲಿ, 1951ರಲ್ಲಿ, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಅವರು ಹರಿಯುವ ದ್ರವಗಳಲ್ಲಿ ಅದು ಹೇಗೆ ವರ್ತಿಸುವುದೆಂಬುದನ್ನು ಕುರಿತು ಪ್ರಬಂಧ ಬರೆದರು. ಮುಂದೆ ಅದೇ ಸಂಸ್ಥೆಯ ಪ್ರಾಧ್ಯಾಪಕರಾಗಿ ಹೆಸರಾದ ಅನಿಲ್ ಕುಮಾರ್ ಅವರು, ಸ್ವಿಟ್ಜರ್ಲೆಂಡಿನಲ್ಲಿ ವೆಲ್ಟಿ, ಅರ್ನ್‌ಸ್ಟ್ ಅವರೊಡನೆ 1975ರಲ್ಲಿ ಪ್ರಕಟಿಸಿದ ಗಣಿತದ ಕ್ರಮವೇ ಇಂದಿನ ಯಂತ್ರಗಳ ಚಿತ್ರರಚನೆಗೆ ತಳಹದಿ. ಚಿತ್ರಣವನ್ನು ಸಾಧಿಸಿದ ಲಾಟರ್‌ಬರ್ ಮತ್ತು ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಬಂದಿತು. ಆ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ ಈಗ ನಮ್ಮ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿಯೇ ಇದೆ.

ಹಿರಿಯರು: ಕೇಳಿ ಸಂತೋಷವಾಯಿತು, ಮನುಷ್ಯನ ಬುದ್ಧಿಗೆ ಕೈಮುಗಿಯಬೇಕು. ಆದರೆ ನೀನು ಬೆಳಗುತ್ತದೆ ಎಂದೆ. ಬೆಳಗಿದುದೆಲ್ಲ ಕ್ಯಾನ್ಸರೆ?

ತರುಣಿ: ಅಲ್ಲ.

ಹಿರಿಯರು: ಅಲ್ಲದ್ದು ಎಷ್ಟು ಸಲ ಬೆಳಗಿದೆ? ನೀನೇ ಓದಿದ ಚಿತ್ರಗಳಲ್ಲಿ ಒಂದನ್ನು ನೆನೆದು ಹೇಳು.

ಇಲ್ಲಿ ಅವಳು ಸ್ವಲ್ಪ ಹೊತ್ತು ನೀರನ್ನೇ ನೋಡುತ್ತ ಸುಮ್ಮನಿದ್ದಳು.

ತರುಣಿ: ಒಬ್ಬ ಶಾಲಾ ಶಿಕ್ಷಕಿಯ ಚಿತ್ರ. ಎಡ ಸ್ತನದ ಒಳಬದಿಯಲ್ಲಿ ಆರು ಮಿಲಿಮೀಟರಿನ ಒಂದು ಚುಕ್ಕೆ. ಬೇಗ ಏರಿತು, ಬೇಗ ಇಳಿಯಿತು. ಸಂಶಯಾಸ್ಪದವೆಂದು ಬರೆದೆ; ಬರೆಯದೆ ಇರುವಂತಿರಲಿಲ್ಲ. ಅಲ್ಟ್ರಾಸೌಂಡಿನಲ್ಲಿ ಹುಡುಕಿದರೆ ಸಿಕ್ಕಲಿಲ್ಲ. ಎಂ.ಆರ್.ಐ.ಯ ಮಾರ್ಗದರ್ಶನದಲ್ಲಿಯೇ ಸೂಜಿ ಹಾಕುವ ಅನುಕೂಲ ಎಲ್ಲ ಕಡೆಯೂ ಇಲ್ಲವಾದ್ದರಿಂದ ಅದು ಕೂಡಿಬರಲು ಹದಿನೈದು ದಿನ ಹಿಡಿಯಿತು. ಆ ಹದಿನೈದು ದಿನವೂ ಆಕೆ ಮಕ್ಕಳನ್ನು ಹತ್ತಿರ ಮಲಗಿಸಿಕೊಂಡು ಎಚ್ಚರವಾಗಿಯೇ ಇರುತ್ತಿದ್ದಳೆಂದು ಆಕೆಯ ಯಜಮಾನರು ಆಮೇಲೆ ಹೇಳಿದರು. ಬಯಾಪ್ಸಿಯಲ್ಲಿ ಬಂದದ್ದು ನಿರಪಾಯಕಾರಿಯಾದ ಗಂಟು. ಆಕೆ ನನಗೆ ಕೈಮುಗಿದು ಹೋದಳು. ನನಗೆ ಮಾತ್ರ ಆ ಕೈಮುಗಿತವನ್ನು ಸ್ವೀಕರಿಸುವುದು ಕಷ್ಟವಾಯಿತು.

ಹಿರಿಯರು: ನೀನು ಮರೆಮಾಚದೆ ಹೇಳಿದುದಕ್ಕೆ ನನಗೆ ಹೆಮ್ಮೆ. ಆ ಹದಿನೈದು ದಿನದ ಲೆಕ್ಕ ಯಾವ ವರದಿಯಲ್ಲಿಯೂ ಬರುವುದಿಲ್ಲ. ಇನ್ನೊಂದನ್ನೂ ಕೇಳು. ಬ್ರಿಟನ್ನಿನಲ್ಲಿ ರೋಗ ಖಚಿತವಾಗಿದ್ದ 1,623 ಸ್ತ್ರೀಯರಲ್ಲಿ ಅರ್ಧದಷ್ಟು ಮಂದಿಗೆ ಶಸ್ತ್ರಚಿಕಿತ್ಸೆಗೆ ಮುಂಚೆ ಎಂ.ಆರ್.ಐ. ಮಾಡಿದರು, ಉಳಿದವರಿಗೆ ಮಾಡಲಿಲ್ಲ. ಗಡ್ಡೆಯ ಎಲ್ಲೆಕಟ್ಟು ಸ್ಪಷ್ಟವಾಗಿ ಕಾಣುವುದರಿಂದ ಎರಡನೆಯ ಸಲ ಕತ್ತಿ ಹಿಡಿಯುವುದು ತಪ್ಪೀತೆಂದು ನಿರೀಕ್ಷೆ. 2010ರಲ್ಲಿ ಫಲಿತಾಂಶ ಬಂದಾಗ ಎರಡೂ ಪಂಗಡಗಳಲ್ಲಿ ಮರುಶಸ್ತ್ರಕ್ರಿಯೆ ನೂರಕ್ಕೆ 19. ಹೆಚ್ಚು ಕಂಡರೆ ಹೆಚ್ಚು ಒಳಿತಾಯಿತೆಂದು ತಿಳಿಯಬಾರದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕೆ?

ತರುಣಿ: ಅದು ಒಂದು ಪ್ರಶ್ನೆಗೆ ಬಂದ ಉತ್ತರ, ಎಲ್ಲ ಪ್ರಶ್ನೆಗಳಿಗೂ ಅಲ್ಲ. ನೆದರ್ಲೆಂಡಿನಲ್ಲಿ, 50ರಿಂದ 75 ವಯಸ್ಸಿನ, ಅತ್ಯಂತ ಸಾಂದ್ರವಾದ ಸ್ತನಗಳುಳ್ಳ, ಮ್ಯಾಮೊಗ್ರಾಮ್ ಸರಿಯಾಗಿದೆಯೆಂದು ಹೇಳಿಸಿಕೊಂಡ 40,373 ಸ್ತ್ರೀಯರ ಪರೀಕ್ಷೆಯೊಂದು ನಡೆಯಿತು. ಒಂದು ಪಾಲಿನವರಿಗೆ ಎಂ.ಆರ್.ಐ. ಮಾಡಿಸಿಕೊಳ್ಳುವ ಆಹ್ವಾನ ಕೊಟ್ಟರು. 2019ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಎರಡು ತಪಾಸಣೆಗಳ ನಡುವೆ ತಲೆಯೆತ್ತುವ ಕ್ಯಾನ್ಸರ್ ಮ್ಯಾಮೊಗ್ರಾಮ್ ಮಾತ್ರ ಆದವರಲ್ಲಿ ಸಾವಿರಕ್ಕೆ 5, ಎಂ.ಆರ್.ಐ.ಗೆ ಆಹ್ವಾನಿಸಿದವರಲ್ಲಿ ಸಾವಿರಕ್ಕೆ 2.5. ಸರಿಯಾಗಿದೆ ಎಂದು ಹೇಳಿ ಮನೆಗೆ ಕಳುಹಿಸಿದ ಹೆಂಗಸು ವರ್ಷ ತುಂಬುವ ಮೊದಲೇ ಗಂಟು ಹಿಡಿದು ಬರುವುದಿದೆಯಲ್ಲ, ಅವಳ ಮುಖವನ್ನು ನೋಡಬೇಕಾದವರು ನಾವು. ಆದರೆ ನಿಮ್ಮ ಪಾಲಿನ ಸತ್ಯವನ್ನೂ ಆ ಪರೀಕ್ಷೆ ಹೇಳಿತು: ಮೊದಲ ಸುತ್ತಿನಲ್ಲಿ ಸಾವಿರಕ್ಕೆ ಸುಮಾರು 80 ಮಂದಿಗೆ ಎಚ್ಚರಿಕೆ ಸುಳ್ಳಾಯಿತು.

ಹಿರಿಯರು: ಎಂಬತ್ತು ಮಂದಿ ಶಿಕ್ಷಕಿಯರು. ಈಗ ಹೊಸದುರ್ಗದವಳ ವಿಷಯಕ್ಕೆ ಬಾ. ನಿನ್ನೆ ಅವಳು ಕುಪ್ಪಸದ ಗುಂಡಿ ಬಿಚ್ಚಲು ಎಷ್ಟು ಹೊತ್ತು ಹಿಡಿಯಿತೆಂದು ನಿನ್ನ ದೊಡ್ಡಮ್ಮನನ್ನು ಕೇಳು. ದೊಡ್ಡಮ್ಮ ಪಕ್ಕದಲ್ಲಿ ಕುಳಿತು ಬೆನ್ನು ಸವರಿದ ಮೇಲೆ ಒಪ್ಪಿದಳು. ಗಂಟು ನಿಂಬೆಯಷ್ಟಾಗಿದೆ, ಮೇಲಣ ಚರ್ಮ ಒಳಕ್ಕೆ ಸೆಳೆದಿದೆ. ಎಂಟು ತಿಂಗಳು ಏಕೆ ಸುಮ್ಮನಿದ್ದೆಯೆಂದರೆ, "ನೋವಿರಲಿಲ್ಲ ಸ್ವಾಮಿ" ಎಂದಳು. ನೋವಿಲ್ಲದ ಗಂಟೇ ಹೆಚ್ಚು ಭಯಂಕರವೆಂದು ಅವಳಿಗೆ ಯಾರೂ ಹೇಳಿಲ್ಲ. ನಿನ್ನ ಅಯಸ್ಕಾಂತ ಅವಳಿಗೆ ಏನು ಮಾಡೀತು?

ತರುಣಿ: ಏನೂ ಮಾಡದು. ಅವಳಿಗೆ ಬೇಕಾದದ್ದು ಮ್ಯಾಮೊಗ್ರಾಮ್, ಅಲ್ಟ್ರಾಸೌಂಡ್, ಸೂಜಿಯ ಬಯಾಪ್ಸಿ. ಆಮೇಲೆ ತಡಮಾಡದೆ ಚಿಕಿತ್ಸೆ. ಅವಳನ್ನು ಎಂ.ಆರ್.ಐ.ಗೆ ಕಳುಹಿಸಿ ಒಂದು ವಾರ ಕಳೆದರೂ ಅದು ಅಪರಾಧವೇ.

ಹಿರಿಯರು: ನಮ್ಮ ತಾಲ್ಲೂಕುಗಳಲ್ಲಿ ಹೊಳಲ್ಕೆರೆಯವಳಂಥವರು ಎಷ್ಟು, ಹೊಸದುರ್ಗದವಳಂಥವರು ಎಷ್ಟು? ವಂಶದಿಂದ ಬರುವ ಸ್ತನದ ಕ್ಯಾನ್ಸರ್ ಒಟ್ಟಿನಲ್ಲಿ ನೂರಕ್ಕೆ ಐದರಿಂದ ಹತ್ತು ಎನ್ನುತ್ತಾರೆ. ಉಳಿದ ತೊಂಬತ್ತಕ್ಕೆ ಯಾರು ದಿಕ್ಕು? ಮುಂಬಯಿಯಲ್ಲಿ 1998ರಿಂದ ನಡೆದ ಕೆಲಸವನ್ನು ನೋಡು. 35ರಿಂದ 64 ವಯಸ್ಸಿನ ಒಂದೂವರೆ ಲಕ್ಷ ಹೆಂಗಸರು; ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಬರಿಯ ಕೈಯಿಂದ ಪರೀಕ್ಷಿಸಿದರು. 2021ರಲ್ಲಿ, ಇಪ್ಪತ್ತು ವರ್ಷದ ಲೆಕ್ಕ ಪ್ರಕಟವಾದಾಗ, ರೋಗ ಮುಂಚಿನ ಹಂತದಲ್ಲಿ ಸಿಕ್ಕಿತ್ತು. ಐವತ್ತು ದಾಟಿದವರಲ್ಲಿ ಸಾವು ನೂರಕ್ಕೆ ಸುಮಾರು 30ರಷ್ಟು ತಗ್ಗಿತ್ತು. ಒಂದು ಯಂತ್ರದ ಬೆಲೆಯಲ್ಲಿ ಅಂತಹ ಎಷ್ಟು ಕೈಗಳನ್ನು ನಮ್ಮ ಜಿಲ್ಲೆಯಲ್ಲಿ ಸಿದ್ಧಗೊಳಿಸಬಹುದು!

ತರುಣಿ: ಅದು ನಮ್ಮ ದೇಶ ಲೋಕಕ್ಕೆ ಕೊಟ್ಟ ದೊಡ್ಡ ಪಾಠ, ನಾನು ಅಲ್ಲಗಳೆಯಲಾರೆ. ಆದರೆ ಪೂರ್ತಿ ಓದಬೇಕು, ದೊಡ್ಡಪ್ಪ. ಐವತ್ತಕ್ಕೆ ಒಳಗಿನವರಲ್ಲಿ ಸಾವು ತಗ್ಗಲಿಲ್ಲವೆಂದೂ ಅದೇ ಲೆಕ್ಕ ಹೇಳುತ್ತದೆ. ಹೊಳಲ್ಕೆರೆಯವಳಿಗೆ 36. ಇನ್ನೊಂದು ಮಾತು ಹೇಳಲು ನನಗೆ ಸಂಕೋಚ. ಕೈ ತಪ್ಪಿದ ಕಥೆಯನ್ನು ನೀವೇ ಒಮ್ಮೆ ಅಪ್ಪನಿಗೆ ಹೇಳುತ್ತಿದ್ದುದನ್ನು ಕೇಳಿದ್ದೇನೆ.

ಹಿರಿಯರು: ಸಂಕೋಚವೇಕೆ? ಅದನ್ನು ಹೇಳಬೇಕಾದವನು ನಾನೇ. ಕೆಲಸಕ್ಕೆ ಸೇರಿದ ಮೂರನೆಯ ವರ್ಷ, 29 ವರ್ಷದ ಬಾಣಂತಿಯೊಬ್ಬಳು ಮೊಲೆಯುಣ್ಣುವ ಕೂಸನ್ನೆತ್ತಿಕೊಂಡು ಬಂದಳು. ಮುಟ್ಟಿ ನೋಡಿದೆ, ಹಾಲಿನ ಗಂಟೆಂದು ಹೇಳಿ, ಬಿಸಿನೀರಿನ ಶಾಖ ಕೊಟ್ಟುಕೊಳ್ಳಲು ತಿಳಿಸಿ ಕಳುಹಿಸಿದೆ. ಏಳು ತಿಂಗಳ ಮೇಲೆ ಅವಳು ಮತ್ತೆ ಬಂದಾಗ ಚರ್ಮವೆಲ್ಲ ಕಿತ್ತಳೆಯ ಸಿಪ್ಪೆಯಂತಾಗಿತ್ತು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಚೀಟಿ ಬರೆದು, ರಾತ್ರಿಯ ಬಸ್ಸಿಗೆ ನಾನೇ ಹತ್ತಿಸಿದೆ. ಅಲ್ಲಿಯವರು ಮಾಡಬಹುದಾದುದನ್ನೆಲ್ಲ ಮಾಡಿದರು. ಆ ಕೂಸು ಈಗ ಸಂಸಾರಸ್ಥನಾಗಿರಬೇಕು. ತಾಯಿಯ ಮುಖ ಅವನಿಗೆ ನೆನಪಿರಲಾರದು. ನನಗೆ ನೆನಪಿದೆ.

ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಆಚೆಯ ಗುಡ್ಡದ ನೆರಳು ನೀರಿನ ಮೇಲೆ ಅರ್ಧದವರೆಗೂ ಬಂದು ಬಿದ್ದಿತ್ತು.

ಹಿರಿಯರು: ಆದರೂ ಕೇಳು, ಮಗಳೇ: ಅಂದು ನನ್ನ ಬಳಿ ಎಂ.ಆರ್.ಐ. ಇರಲಿಲ್ಲವೆಂದು ಅವಳು ಸಾಯಲಿಲ್ಲ. ಒಂದು ಸೂಜಿ ಹಾಕಿ, ಹೊರತೆಗೆದುದನ್ನು ಗಾಜಿನ ಮೇಲೆ ಹರಡಿ, ಸೂಕ್ಷ್ಮದರ್ಶಕದಲ್ಲಿ ನೋಡಬಲ್ಲವರ ಬಳಿಗೆ ಕಳುಹಿಸಿದ್ದರೆ ಸಾಕಾಗಿತ್ತು. ಕೈಗೆ ಸಂಶಯ ಬಂದೊಡನೆ ಸೂಜಿಗೆ ದಾರಿಯಿರಬೇಕು. ಆ ದಾರಿ ನಮ್ಮ ತಾಲ್ಲೂಕುಗಳಲ್ಲಿ ಸುಗಮವಾಗುವವರೆಗೆ ನನಗೆ ದೊಡ್ಡ ಯಂತ್ರದ ಮಾತು ಹಿಡಿಸದು. ಈ ಕಟ್ಟೆಯನ್ನೇ ನೋಡು. ನೀರು ಇಲ್ಲಿ ಎಷ್ಟು ನಿಂತರೇನು, ನಾಲೆಯಿಲ್ಲದ ಹೊಲಕ್ಕೆ ಇದು ಬರಿಯ ನೋಟ.

ತರುಣಿ: ಕಟ್ಟೆಯೇ ಇಲ್ಲದಿದ್ದರೆ ನಾಲೆ ತೋಡಿ ಏನು ಹರಿಸುತ್ತಿದ್ದೆವು? ಹಿರಿಯೂರಿನ ಬಯಲಿನಲ್ಲಿ ಹಸಿರು ಬಂದದ್ದು ಎರಡೂ ಇದ್ದುದರಿಂದ. ಮೊದಲು ನಾಲೆ, ಕಟ್ಟೆ ಆಮೇಲೆ ಎಂದು ಅಂದಿನವರು ಕಾದು ಕುಳಿತಿದ್ದರೆ, ವೇದಾವತಿಯ ನೀರು ಇಂದಿಗೂ ಹಾಗೆಯೇ ಹರಿದುಹೋಗುತ್ತಿತ್ತು.

ಹಿರಿಯರು: ಕಟ್ಟೆ ಕಟ್ಟುವವರು ನಾಲೆಯ ನಕ್ಷೆಯನ್ನೂ ಕೈಯಲ್ಲಿ ಹಿಡಿದಿದ್ದರು. ನಮ್ಮಲ್ಲಿ ಯಂತ್ರವನ್ನು ತರುವವರು ಆ ನಕ್ಷೆಯನ್ನು ತೋರಿಸಲಿ.

ತರುಣಿ: ಆ ಮಾತಿಗೆ ನಾನು ತಲೆಬಾಗುತ್ತೇನೆ. ಯಂತ್ರವಿದ್ದ ಮಾತ್ರಕ್ಕೆ ಸ್ತನದ ಎಂ.ಆರ್.ಐ. ಆಗುವುದಿಲ್ಲ. ತಲೆಗೆ, ಬೆನ್ನೆಲುಬಿಗೆ ಬಳಸುವ ಸಲಕರಣೆ ಇದಕ್ಕೆ ಸಲ್ಲದು. ಸ್ತನಕ್ಕೇ ಮೀಸಲಾದ ಕಾಯಿಲ್ ಬೇಕು. ಬೋರಲಾಗಿ ಮಲಗಿದವಳ ಎರಡೂ ಸ್ತನಗಳು ಅದರ ಎರಡು ಕುಳಿಗಳಲ್ಲಿ ಒತ್ತಡವಿಲ್ಲದೆ ಇಳಿದು ನಿಲ್ಲಬೇಕು. ಅರ್ಧ ಗಂಟೆಗೂ ಮೇಲ್ಪಟ್ಟು ಅವಳು ಅಲುಗಾಡದೆ, ಒಳಗಿನ ಬಡಿತದ ಸದ್ದನ್ನು ಸಹಿಸಿಕೊಂಡು ಇರಬೇಕು. ಮುಟ್ಟಾಗುವ ವಯಸ್ಸಿನವರಾದರೆ ಮುಟ್ಟಿನ ಏಳನೆಯ ದಿನದಿಂದ ಹದಿನಾಲ್ಕನೆಯ ದಿನದೊಳಗೆ ಮಾಡಬೇಕು. ಬೇರೆ ದಿನಗಳಲ್ಲಿ ಆರೋಗ್ಯವಾದ ಅಂಗಾಂಶವೂ ಬೆಳಗಿ ನಮ್ಮನ್ನು ದಾರಿ ತಪ್ಪಿಸುತ್ತದೆ. ಮೂತ್ರಪಿಂಡ ಕೆಟ್ಟವರಿಗೂ ಗರ್ಭಿಣಿಯರಿಗೂ ಗ್ಯಾಡೊಲಿನಿಯಂ ಕೊಡಲು ಹಿಂಜರಿಯಬೇಕು. ಎದೆಯಲ್ಲಿ ಪೇಸ್‌ಮೇಕರ್ ಇದ್ದವರನ್ನು ವಿಚಾರಿಸದೆ ಆ ಕೋಣೆಯೊಳಕ್ಕೆ ಬಿಡಬಾರದು. ಕೊನೆಗೆ, ಕಂಡ ಚುಕ್ಕೆಗೆ ಸೂಜಿ ಹಾಕುವ ಅನುಕೂಲವಿಲ್ಲದ ಕಡೆ ಈ ಪರೀಕ್ಷೆಯನ್ನು ಮಾಡುವುದು, ಬಾಗಿಲು ತಟ್ಟಿ ಓಡಿಹೋದಂತೆ. ರೋಗವೆಂದು ತೀರ್ಪು ಕೊಡುವುದು ಚಿತ್ರವಲ್ಲ, ಬಯಾಪ್ಸಿ.

ಹಿರಿಯರು: ಇಷ್ಟನ್ನೂ ಬಲ್ಲವಳು ನೀನು ಅಲ್ಲಿ ಕುಳಿತಿರುವುದರಿಂದ ನನಗೆ ಧೈರ್ಯ. ಆದರೆ ನಮ್ಮ ಹೆಣ್ಣುಮಕ್ಕಳು ಆ ಕೊಳವೆಯ ಬಾಯಿಗೆ ಹೋಗಿ ನಿಂತಾಗ ಏನಾಗುತ್ತಾರೆಂದು ಎಂದಾದರೂ ನೋಡಿದ್ದೀಯಾ? ಬಳೆ ತೆಗೆ, ಮೂಗುತಿ ತೆಗೆ, ಕಾಲುಂಗುರ ತೆಗೆ, ತಾಳಿ ತೆಗೆ ಎಂದರೆ ಅರ್ಧ ಜೀವ ಅಲ್ಲಿಯೇ ಹೋಗುತ್ತದೆ.

ತರುಣಿ: ನೋಡಿದ್ದೇನೆ. ನಮ್ಮ ಜಿಲ್ಲೆಯವಳೇ ಒಬ್ಬಳು, ಮಾತು ಕೇಳಿದೊಡನೆ ನನಗೆ ತಿಳಿಯಿತು, ಬಳೆ ಮೂಗುತಿಗಳನ್ನು ತೆಗೆದುಕೊಟ್ಟು, ತಾಳಿಯನ್ನು ಮಾತ್ರ ಮುಷ್ಟಿಯಲ್ಲಿ ಹಿಡಿದು ನಿಂತುಬಿಟ್ಟಳು. ಯಂತ್ರದವರು ಅವಸರಪಡಿಸುತ್ತಿದ್ದರು. ನಾನು ಕೆಳಗಿನ ಅಂಗಡಿಯಿಂದ ಒಂದು ಅರಿಶಿನದ ಕೊಂಬನ್ನು ತರಿಸಿ, ಹತ್ತಿಯ ದಾರಕ್ಕೆ ಕಟ್ಟಿ, ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಕೊರಳಿಗೆ ಕಟ್ಟಿಕೊಂಡಳು. ಆಮೇಲೆ ತಾಳಿಯನ್ನು ಬಿಚ್ಚಿ ಗಂಡನ ಅಂಗೈಯಲ್ಲಿಟ್ಟು ಒಳಕ್ಕೆ ಬಂದಳು. ಅರಿಶಿನದ ಕೊಂಬಿಗೂ ಅಯಸ್ಕಾಂತಕ್ಕೂ ವಿರೋಧವಿಲ್ಲ. ಅಂದಿನಿಂದ ನಮ್ಮ ಕೋಣೆಯ ಕಪಾಟಿನಲ್ಲಿ ಒಂದು ಡಬ್ಬಿ ಅರಿಶಿನದ ಕೊಂಬು ಇಟ್ಟಿರುತ್ತೇವೆ.

ಹಿರಿಯರು: ಇದನ್ನು ಮೊದಲೇ ಹೇಳಿದ್ದರೆ ನಾನು ಇಷ್ಟು ವಾದ ಮಾಡುತ್ತಿರಲಿಲ್ಲವೇನೋ. ನನಗೆ ಭಯವಿರುವುದು ಯಂತ್ರದಿಂದಲ್ಲ, ಯಂತ್ರ ಬಂದೊಡನೆ ಮುಟ್ಟುವ ಕೈಯೂ ಕೇಳುವ ಕಿವಿಯೂ ತಮ್ಮ ಕೆಲಸ ಮುಗಿಯಿತೆಂದು ಎದ್ದುಹೋಗುವುದರಿಂದ.

ತರುಣಿ: ನನಗಿರುವ ಭಯ ಬೇರೆ, ದೊಡ್ಡಪ್ಪ. ಹಳ್ಳಿಯ ಹೆಣ್ಣಿಗೆ ಕೈ ಸಾಕು, ನಗರದ ಹೆಣ್ಣಿಗೆ ಕಾಂತ ಬೇಕು ಎಂಬ ಎರಡು ಪಂಕ್ತಿ ಬಿದ್ದುಬಿಡುವುದೆಂದು ನನ್ನ ಕಳವಳ. ಮೊದಲ ಹೆಜ್ಜೆ ಎಲ್ಲರಿಗೂ ಸಿಕ್ಕಲಿ ಎಂಬ ನಿಮ್ಮ ಮಾತು, ಕೊನೆಯ ಹೆಜ್ಜೆ ಕೆಲವರಿಗೇ ಇರಲಿ ಎಂದು ಓದಿಕೊಳ್ಳುವವರ ಕೈಗೆ ಸಿಕ್ಕಬಾರದು. ಬಿ.ವಿ. ಭಾರತಿಯವರು ತಮ್ಮ ಸ್ತನದ ಕ್ಯಾನ್ಸರಿನ ಅನುಭವವನ್ನು 'ಸಾಸಿವೆ ತಂದವಳು' ಎಂಬ ಪುಸ್ತಕವಾಗಿ ಕನ್ನಡದಲ್ಲಿ ಬರೆದ ಮೇಲೆ, ಓದಬಲ್ಲ ಹೆಣ್ಣುಮಕ್ಕಳಿಗಾದರೂ ಈ ರೋಗದ ಹೆಸರು ಹೇಳಲು ಬಾಯಿ ಬಂದಿದೆ. ಹೊಸದುರ್ಗದವಳಿಗೂ ಆ ಬಾಯಿ ಬರಬೇಕು. ಬಂದ ದಿನ, ನಿನಗೆ ಇಷ್ಟೇ ಸಾಕೆಂದು ಅವಳಿಗೆ ಹೇಳುವ ಸ್ಥಿತಿಯಲ್ಲಿ ನಾವಿರಬಾರದು.

ಹಿರಿಯರು: ಹಾಗಾದರೆ ಈ ಇಬ್ಬರಿಗೆ ಏನು ಹೇಳೋಣ?

ತರುಣಿ: ಹೊಸದುರ್ಗದವಳು ಮೊದಲು. ನಾಳೆಯೇ ಅವಳಿಗೆ ಬಯಾಪ್ಸಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕಾರ್ಡು, ರೇಷನ್ ಕಾರ್ಡು ಎರಡನ್ನೂ ಜೊತೆಗಿಟ್ಟುಕೊಳ್ಳಲಿ. ಹೊಳಲ್ಕೆರೆಯವಳಿಗೆ ಮೊದಲು ವಂಶವಾಹಿಯ ಪರೀಕ್ಷೆ. ರೋಗ ಬಂದವರಲ್ಲಿಯೇ ಅದನ್ನು ಮೊದಲು ನೋಡುವುದು ಕ್ರಮ. ತಾಯಿಯೂ ಚಿಕ್ಕಮ್ಮನೂ ಉಳಿದಿಲ್ಲವಾದ್ದರಿಂದ ಇವಳ ರಕ್ತದಲ್ಲಿಯೇ ನೋಡಬೇಕು. ದೋಷ ಸಿಕ್ಕದಿದ್ದರೂ ಅಪಾಯವಿಲ್ಲವೆಂದು ಪೂರ್ತಿ ಹೇಳುವಂತಿಲ್ಲ. ಮನೆತನದ ಚರಿತ್ರೆ ಹಾಗಿದೆ. ಆದುದರಿಂದ ಎಂ.ಆರ್.ಐ.ಯೂ ಆಗಲಿ, ಸುಳ್ಳು ಎಚ್ಚರಿಕೆ ಬರಬಹುದೆಂಬುದನ್ನು ಚಿತ್ರ ತೆಗೆಯುವ ಮೊದಲೇ ಅವಳಿಗೆ ನಾನು ಕುಳಿತು ಹೇಳುತ್ತೇನೆ.

ಹಿರಿಯರು: ಅವಳ ಮಟ್ಟಿಗೆ ನಿನ್ನ ಮಾತು ಒಪ್ಪಿದೆ, ಆ ಚೀಟಿಯ ಮೇಲೆ ನನಗಿದ್ದ ಅಸಮಾಧಾನವನ್ನು ಹಿಂದಕ್ಕೆ ತೆಗೆದುಕೊಂಡೆ. ಆದರೆ ಜಿಲ್ಲೆಗೆ ಬರುವ ಹಣ ಒಂದಕ್ಕೇ ಸಾಲುವುದಾದರೆ, ನಾನು ಕೈಗಳಿಗೂ ಸೂಜಿಗೂ ಎಂದೇ ಹೇಳುವೆ.

ತರುಣಿ: ಒಂದಕ್ಕೇ ಏಕೆ ಸಾಲಬೇಕೆಂದು ನಾನು ಕೇಳುತ್ತಲೇ ಇರುವೆ, ದೊಡ್ಡಪ್ಪ.

ಕತ್ತಲಾಗುತ್ತ ಬಂದುದರಿಂದ ನಾವು ಎದ್ದೆವು. ಮಾರನೆಯ ಬೆಳಗ್ಗೆ ಹಿರಿಯರು ಹೊಸದುರ್ಗಕ್ಕೆ ಹೋಗಿ, ಆ ಹೆಂಗಸನ್ನೂ ಅವಳ ಮಗನನ್ನೂ ತಾವೇ ಬಸ್ಸು ಹತ್ತಿಸಿಕೊಂಡು ಬಯಾಪ್ಸಿಗೆ ಕರೆದೊಯ್ದರು. ಹೊಳಲ್ಕೆರೆಯವಳ ರಕ್ತ ಆ ವಾರವೇ ಪರೀಕ್ಷೆಗೆ ಹೋಯಿತು, ಎಂ.ಆರ್.ಐ.ಗೆ ಮುಟ್ಟಿನ ಒಂಬತ್ತನೆಯ ದಿನವನ್ನು ಗೊತ್ತುಮಾಡಿದರು. ಕೈ ದೊಡ್ಡದೋ ಕಾಂತ ದೊಡ್ಡದೋ ಎಂಬ ವಾದ ಆ ಮನೆಯಲ್ಲಿ ಇನ್ನೂ ನಡೆದೇ ಇದೆ.

ಓದುವ ತಾಯಂದಿರಲ್ಲಿಯೂ ಅವರ ಮನೆಯ ಗಂಡಸರಲ್ಲಿಯೂ ನನ್ನದು ಒಂದೇ ಪ್ರಾರ್ಥನೆ. ಮೂವತ್ತು ತುಂಬಿದ ಹೆಣ್ಣುಮಕ್ಕಳಿಗೆ ಐದು ವರ್ಷಕ್ಕೊಮ್ಮೆ ಸ್ತನದ ಪರೀಕ್ಷೆಯನ್ನು ಸರ್ಕಾರದ ಆರೋಗ್ಯ ಕೇಂದ್ರಗಳಲ್ಲಿಯೇ ಮಾಡಬೇಕೆಂಬ ಕಾರ್ಯಕ್ರಮವಿದೆ. ಆಶಾ ಕಾರ್ಯಕರ್ತೆ ಬಂದಾಗ ಅದನ್ನು ಕೇಳಿರಿ. ತಾಯಿಗೋ ಅಕ್ಕತಂಗಿಯರಿಗೋ ಚಿಕ್ಕವಯಸ್ಸಿನಲ್ಲಿ ಈ ರೋಗ ಬಂದಿದ್ದರೆ, ಅದನ್ನು ಮನೆತನದ ಗುಟ್ಟೆಂದು ಮುಚ್ಚಿಡದೆ ವೈದ್ಯರಿಗೆ ಮೊದಲ ಮಾತಿನಲ್ಲಿಯೇ ತಿಳಿಸಿರಿ, ನಿಮಗೆ ಎಂ.ಆರ್.ಐ. ಬೇಕೆ ಬೇಡವೆ ಎಂಬುದು ಬಹುಮಟ್ಟಿಗೆ ಆ ಮಾತಿನಿಂದಲೇ ತೀರ್ಮಾನವಾಗುವುದು. ಎದೆಯಲ್ಲಿ ಗಂಟು ಕೈಗೆ ಸಿಕ್ಕಿದ್ದರೆ ಮಾತ್ರ ನೋವಿಗಾಗಿ ಕಾಯಬೇಡಿ, ಹಣಕ್ಕಾಗಿ ಕಾಯಬೇಡಿ, ದೊಡ್ಡ ಯಂತ್ರಕ್ಕಾಗಿಯೂ ಕಾಯಬೇಡಿ. ಈ ವಾರವೇ ವೈದ್ಯರಿಗೆ ತೋರಿಸಿರಿ.